ಗುಡಿ ಬರೆದರು, ಸೂಜಿ ಬಿಟ್ಟರು

ಫೋನ್ ಬಂದಾಗ ನಾನು ಹಿತ್ತಲ ಕಟ್ಟೆಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ವರ್ಷಕ್ಕಾಗುವಷ್ಟು ಹಣ್ಣನ್ನು ನಮ್ಮ ಮನೆಯವರು ಮಂಡಿಪೇಟೆಯಿಂದ ತಂದು ಹಾಕಿದ್ದರು. ಅಲ್ಲಿನ ಒಂದು ಸಗಟು ಅಂಗಡಿಯಲ್ಲಿ ಅವರು ಕೆಲಸಕ್ಕಿದ್ದಾರೆ. ಯಾವ ಚೀಲದಲ್ಲಿ ಒಳ್ಳೆಯ ಹಣ್ಣಿದೆ ಎಂಬುದು ಅವರಿಗೆ ವಾಸನೆಯಲ್ಲೇ ತಿಳಿಯುತ್ತದೆ. ಮೊದಲೆಲ್ಲ ಈ ಕೆಲಸವನ್ನು ನಾನು ಧಾರಾವಾಹಿ ನೋಡುತ್ತಾ ಮಾಡಿ ಮುಗಿಸುತ್ತಿದ್ದೆ. ಈಗ ಕಣ್ಣು ಕೈಮೇಲೇ ಇರಬೇಕು. ಬೀಜ ಯಾವುದು, ಹಣ್ಣು ಯಾವುದು ಎಂದು ನನ್ನ ಬೆರಳ ತುದಿಗಳಿಗೆ ಗೊತ್ತಾಗುವುದಿಲ್ಲ. ನೋಡಿಯೇ ತಿಳಿಯಬೇಕು.

ಕೈ ಅಂಟಾಗಿದ್ದರಿಂದ ಮಗಳು ಕಾವ್ಯ ಫೋನನ್ನು ನನ್ನ ಕಿವಿಗೆ ಹಿಡಿದಳು.

"ಗಿರಿಜಮ್ಮ ಅವ್ರಾ? ಇಂಜೆಕ್ಷನ್ ಆದ್ಮೇಲೆ ತೊಂದ್ರೆ ಆತು ಅಂತ ನಿಮ್ದೊಂದು ಫಾರಂ ಇತ್ತಲ್ಲ, ಅದರ ರಿಸಲ್ಟ್ ಬಂದೈತೆ," ಎಂದಿತು ಜಿಲ್ಲಾ ಆರೋಗ್ಯ ಕಚೇರಿಯ ದನಿ.

"ಏನಂತ ಬಂದೈತ್ರಿ?"

"ಸಂಬಂಧ ಇರಬೋದು, ಇಲ್ದೇನೂ ಇರಬೋದು, ತೀರ್ಮಾನ ಮಾಡಾಕೆ ಮಾಹಿತಿ ಸಾಲ್ದು ಅಂತ. ಫೈಲ್ ಕ್ಲೋಸ್ ಆತಮ್ಮ."

"ಯಾವ ಮಾಹಿತಿ ಸಾಲ್ದು?"

"ಆಸ್ಪತ್ರೆ ಪೇಪರ್‌ನಾಗೆ ಇಂಜೆಕ್ಷನ್ ಸುದ್ದಿನೇ ಇಲ್ವಲ್ಲ. ದೇವಸ್ಥಾನಕ್ಕೆ ಹೋಗಿ ತಡ ಮಾಡಿದ್ರು ಅಂತ ಮಾತ್ರ ಐತೆ."

ಅದಕ್ಕೆ ನಾನು ಏನು ಹೇಳಿದೆ ಎಂಬುದನ್ನು ಆಮೇಲೆ ಬರೆಯುತ್ತೇನೆ. ಮೊದಲು ಇಂಜೆಕ್ಷನ್ ಸುದ್ದಿಯ ಒಂದು ಸಾಲು ಬರೆಸಲು ನಾನು ಎರಡೂವರೆ ವರ್ಷ ಯಾಕೆ ಅಲೆದು ಕಾದೆ ಎಂಬುದನ್ನು ಹೇಳಬೇಕು.

ಕೊರೊನಾದ ಎರಡನೇ ಅಲೆಯ ಬೇಸಿಗೆಯಲ್ಲಿ ದಾವಣಗೆರೆಯ ಸರಸ್ವತಿ ನಗರದ ನಮ್ಮ ಬೀದಿಯಿಂದಲೇ ಇಬ್ಬರು ಹೋದರು. ಎದುರು ಮನೆಯ ಟೈಲರ್ ಹೋದಾಗ ಅವರ ಹೆಂಡತಿಗೆ ಮುಖ ನೋಡಲೂ ಬಿಡಲಿಲ್ಲ. ಅದನ್ನು ಕಣ್ಣಾರೆ ಕಂಡವಳು ನಾನು. ಹಾಗಾಗಿ ಲಸಿಕೆ ಬಂದಾಗ ನನಗೆ ಅನುಮಾನವೇನೂ ಇರಲಿಲ್ಲ. ನಮ್ಮ ಬೀದಿಯ ಆಶಾ ಕಾರ್ಯಕರ್ತೆ ರೇಣುಕಾ ಮನೆ ಮನೆಗೆ ಬಂದು ಕರೆಯುತ್ತಿದ್ದಳು. ಅತ್ತೆ, ನಮ್ಮ ಮನೆಯವರು ಹಾಕಿಸಿಕೊಂಡರು. ಇಬ್ಬರಿಗೂ ಒಂದು ದಿನ ಮೈಕೈ ನೋವು, ಅಷ್ಟೇ. ಶ್ರಾವಣದಲ್ಲಿ ನನ್ನ ಸರದಿ ಬಂತು. ರೇಣುಕಾ ನನ್ನ ಕೈ ಹಿಡಿದುಕೊಂಡೇ ಕರೆದೊಯ್ದಳು.

ಹನ್ನೆರಡನೇ ದಿನ ಬೆಳಿಗ್ಗೆ ಅಂಗಳಕ್ಕೆ ನೀರು ಹಾಕುವಾಗ ಪಾದಗಳಲ್ಲಿ ಇರುವೆ ಹರಿದಂತಾಯಿತು. ಶ್ರಾವಣ ಸೋಮವಾರಗಳ ಉಪವಾಸ ಹಿಡಿದಿದ್ದೆ, ಅದರ ನಿಶ್ಯಕ್ತಿ ಎಂದುಕೊಂಡೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಉಪವಾಸ ಬಿಡಿಸುತ್ತಾರೆ ಎಂಬ ಭಯ. ಇದು ನನ್ನದೇ ತಪ್ಪು, ಒಪ್ಪಿಕೊಳ್ಳುತ್ತೇನೆ. ಮರುದಿನ ಚಪ್ಪಲಿ ಕಾಲಿನಿಂದ ಕಳಚಿ ಬಿದ್ದಿದ್ದು ಗೊತ್ತಾಗದೆ ಅಂಗಡಿಯವರೆಗೆ ಬರಿಗಾಲಲ್ಲಿ ನಡೆದಿದ್ದೆ. ಆಗ ಮನೆಯವರು ಬೀದಿಯ ಕೊನೆಯ ಕ್ಲಿನಿಕ್ಕಿಗೆ ಕರೆದೊಯ್ದರು.

ಆ ಡಾಕ್ಟರು ನನ್ನನ್ನು ಮುಟ್ಟಲಿಲ್ಲ. ಮೇಜಿನ ಆ ಕಡೆಯಿಂದಲೇ ಕೇಳಿದರು, "ಮನ್ಯಾಗೆ ಏನಾದ್ರೂ ಟೆನ್ಶನ್ ಐತೇನಮ್ಮ?"

"ಟೆನ್ಶನ್ ಯಾರ ಮನ್ಯಾಗಿಲ್ರಿ. ಇಂಜೆಕ್ಷನ್ ಹಾಕಿಸ್ಕೊಂಡು ಹನ್ನೆರಡು ದಿನ ಆಗಿತ್ತು. ಅವತ್ನಿಂದ ಪಾದ ಜೋಮು ಹಿಡಿದೈತೆ," ಎಂದೆ.

"ಈಗ ಎಲ್ರೂ ಇದನ್ನೇ ಹೇಳ್ತಾರೆ. ಹೆಣ್ಮಕ್ಳಿಗೆ ಈ ವಯಸ್ಸಿನಾಗೆ ಇವೆಲ್ಲ ಸಹಜ." ಶಕ್ತಿಗೆಂದು ಕಂಪೌಂಡರನಿಂದ ಒಂದು ಸೂಜಿ ಚುಚ್ಚಿಸಿ ಕಳಿಸಿದರು. ಎರಡು ದಿನ ಬಿಟ್ಟು ಗೋಡೆ ಹಿಡಿದುಕೊಂಡು ಮತ್ತೆ ಹೋದೆ. ಅದೇ ಮಾತು, ಅದೇ ಸೂಜಿ. ಅಲ್ಲಿಗೆ ಮೂರು ದಿನ ಹೋಯಿತು. ಈ ಮೂರು ದಿನವನ್ನು ಓದುವವರು ನೆನಪಿಟ್ಟುಕೊಳ್ಳಬೇಕು, ಯಾಕೆಂದರೆ ಮುಂದೆ ಆಸ್ಪತ್ರೆಯ ಕಾಗದದಲ್ಲಿ ಅವು ಸಿಗುವುದಿಲ್ಲ.

ಅವತ್ತು ಸಂಜೆ ಅತ್ತೆ ಹೇಳಿದರು, "ಇದು ಡಾಕ್ಟ್ರ ಕೈಯಾಗೆ ಆಗೋದಲ್ಲ. ನಾಳೆ ಅಮಾಸಿ ಐತೆ. ಅಜ್ಜಯ್ಯನ ಹತ್ರ ಹೋಗಾಣ."

ಅಜ್ಜಯ್ಯ ಎಂದರೆ ಉಕ್ಕಡಗಾತ್ರಿಯ ಕರಿಬಸವೇಶ್ವರ. ಗಾಳಿ ಸೋಕಿದವರನ್ನು, ಮನಸ್ಸು ಕೆಟ್ಟವರನ್ನು ಅಲ್ಲಿಗೆ ಕರೆತರುತ್ತಾರೆ. ಅತ್ತೆ ಬಲವಂತ ಮಾಡಿದರು ಎಂದು ನಾನು ಬರೆಯುವುದಿಲ್ಲ. ನಾನೇ ಹೂಂ ಅಂದೆ. ನನ್ನ ತವರು ಹರಿಹರ. ತುಂಗಭದ್ರೆಯ ನೀರು ಕುಡಿದು, ಅಜ್ಜಯ್ಯನ ಹೆಸರು ಹೇಳಿಯೇ ಬೆಳೆದವಳು. ಹರಿಹರದಲ್ಲಿರುವ ತಮ್ಮ ಮಂಜುನಾಥ ವ್ಯಾನು ತಂದ. ವ್ಯಾನಿನಿಂದ ಇಳಿಯುವಾಗ ಎರಡೂ ಕಾಲು ಬಟ್ಟೆಯ ಹಾಗೆ ಮಡಚಿಕೊಂಡವು. ತಮ್ಮ, ಮನೆಯವರು ಎರಡು ಕಡೆ ಹಿಡಿದು ನದಿಯ ಮೆಟ್ಟಿಲ ಮೇಲೆ ಕೂರಿಸಿದರು. ಮೀಯಿಸಬೇಕೆಂದು ಅತ್ತೆ ಚೊಂಬು ಹಿಡಿದರು.

ಅಲ್ಲಿ ಕಸಬರಿಗೆ ಹಿಡಿದಿದ್ದ ಒಬ್ಬ ಮುದುಕಿ ನಮ್ಮನ್ನೇ ನೋಡುತ್ತಾ ನಿಂತಿದ್ದಳು. ಹತ್ತಿರ ಬಂದು ನನ್ನ ಪಾದವನ್ನು ಎತ್ತಿ ಬಿಟ್ಟಳು. ಪಾದ ಕಲ್ಲಿನ ಮೇಲೆ ದಪ್ಪನೆ ಬಿತ್ತು. ನನಗೆ ನೋವಾಗಲಿಲ್ಲ.

"ಯವ್ವಾ, ಗಾಳಿ ಸೋಕಿದೋರ್ನ ನಾನು ದಿನಾ ನೋಡ್ತೀನಿ," ಎಂದಳು ಅತ್ತೆಗೆ. "ಅವ್ರು ನಾಕು ಮಂದಿ ಹಿಡಿದ್ರೂ ನಿಲ್ಲಂಗಿಲ್ಲ. ಈಕಿ ಕಾಲಾಗೆ ಜೀವಾನೇ ಇಲ್ಲ. ಅಜ್ಜಯ್ಯಗೆ ಇಲ್ಲಿಂದ್ಲೇ ಕೈ ಮುಗೀರಿ. ಮೊದ್ಲು ದೊಡ್ಡಾಸ್ಪತ್ರಿಗೆ ಎತ್ಕೊಂಡು ಹೋಗ್ರಿ."

"ನೀನ್ಯಾರೇ ಹೇಳಾಕೆ?" ಎಂದರು ಅತ್ತೆ.

"ನಾನು ಕಸ ಗುಡಿಸಾಕಿ. ಹೋಗ್ರಿ, ಹೊತ್ತು ಮಾಡಬ್ಯಾಡ್ರಿ."

ನಾವು ಅಲ್ಲಿ ಅರ್ಧ ಗಂಟೆಯೂ ಇರಲಿಲ್ಲ. ಅಲ್ಲಿಂದ ನೇರವಾಗಿ ದಾವಣಗೆರೆಯ ಒಂದು ದೊಡ್ಡ ಆಸ್ಪತ್ರೆಗೆ ಬಂದೆವು. ಓದಿದ ಡಾಕ್ಟರು ಮೂರು ದಿನದಲ್ಲಿ ಮುಟ್ಟಿ ನೋಡದ ಕಾಲನ್ನು ಆ ಮುದುಕಿ ಮುಟ್ಟಿ ನೋಡಿದ್ದಳು. ಅವಳ ಹೆಸರನ್ನೂ ಕೇಳಿಕೊಳ್ಳಲಿಲ್ಲ. ದೇವರು ನನಗೆ ಮಾಡಿದ ಮೊದಲ ಉಪಕಾರ ಅದು.

ಆಸ್ಪತ್ರೆಯಲ್ಲಿ ನನ್ನನ್ನು ಸ್ಟ್ರೆಚರ್ ಮೇಲೆ ಮಲಗಿಸಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಕೇಳಿ ಕೇಳಿ ಬರೆದುಕೊಂಡರು. ಇತ್ತೀಚೆಗೆ ಜ್ವರ ಬಂದಿತ್ತೇ, ಹೊಟ್ಟೆ ಕೆಟ್ಟಿತ್ತೇ ಎಂದರು. ತಿಂಗಳ ಹಿಂದೆ ಒಂದು ದಿನ ಕೆಟ್ಟಿತ್ತು ಎಂದೆ. ಬರೆದರು. ಎಲ್ಲೆಲ್ಲಿ ತೋರಿಸಿದ್ದಿರಿ ಎಂದರು. ಮನೆಯವರು ಕ್ಲಿನಿಕ್ಕಿನ ಹೆಸರು ಹೇಳಿದರು, ಉಕ್ಕಡಗಾತ್ರಿಯನ್ನೂ ಹೇಳಿದರು. ಡಾಕ್ಟರ ತುಟಿ ಸ್ವಲ್ಪ ಓರೆಯಾಯಿತು. ಬರೆದರು. ಇಂಜೆಕ್ಷನ್ ಹಾಕಿಸಿಕೊಂಡ ಹನ್ನೆರಡನೇ ದಿನಕ್ಕೆ ಶುರುವಾಯಿತು ಎಂದು ನಾನು ಹೇಳಿದೆ. ಪೆನ್ನು ನಿಂತಿತು.

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ."

"ಇಲ್ಲ ಅಂತನೇ ಬರೀರಿ ಸರ್. ಹಾಕಿಸ್ಕೊಂಡಿದ್ದಂತೂ ಖರೆ ಅಲ್ಲ?"

ಅವರು ಹಾಳೆ ತಿರುಗಿಸಿದರು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಎಂದರು. ನನ್ನ ಬೆರಳುಗಳಲ್ಲಿ ಪೆನ್ನು ನಿಲ್ಲಲಿಲ್ಲ. ನಾನು ಎಸ್ಸೆಸ್ಸೆಲ್ಸಿ ಪಾಸಾದವಳು, ಮದುವೆಯ ರಿಜಿಸ್ಟರಿನಲ್ಲಿ ಅಂಕುಡೊಂಕಿಲ್ಲದ ಸಹಿ ಹಾಕಿದವಳು. ಅವತ್ತು ನರ್ಸು ನನ್ನ ಹೆಬ್ಬೆರಳು ಹಿಡಿದು ಶಾಯಿಗೆ ಒತ್ತಿದಳು.

ಮೂರು ಅಕ್ಷರದ ಹೆಸರು ಹೇಳಿದರು, ಜಿಬಿಎಸ್. ರೋಗವನ್ನು ಕಾಯಬೇಕಾದ ಮೈಯ ಪಡೆಯೇ ನರಗಳ ಮೇಲೆ ತಿರುಗಿ ಬಿದ್ದಿದೆ, ಕಾಲಿನಿಂದ ಮೇಲಕ್ಕೆ ಶಕ್ತಿ ಕುಂದುತ್ತಾ ಹೋಗುತ್ತಿದೆ, ಉಸಿರಿನವರೆಗೆ ಹೋಗದಿದ್ದರೆ ಪುಣ್ಯ ಎಂದರು. ಅದಕ್ಕಿಂತ ಹೆಚ್ಚಿನದನ್ನು ಡಾಕ್ಟರುಗಳು ಹೇಳಬೇಕು, ನಾನಲ್ಲ. ನನಗೆ ಗೊತ್ತಿರುವುದು ಇಷ್ಟು. ಎರಡನೇ ದಿನ ಕೈ ಹೋಯಿತು. ಮೂರನೇ ದಿನ ಮುಖ ಹೋಯಿತು. ಕಣ್ಣು ಮುಚ್ಚಲು ಬರುತ್ತಿರಲಿಲ್ಲ, ರೆಪ್ಪೆಗೆ ಪ್ಲಾಸ್ಟರ್ ಹಚ್ಚಿ ಮಲಗಿಸುತ್ತಿದ್ದರು. ನೀರು ಕುಡಿದರೆ ಮೂಗಿನಲ್ಲಿ ಬರುತ್ತಿತ್ತು. ಎಲ್ಲವೂ ಕೇಳಿಸುತ್ತಿತ್ತು, ಎಲ್ಲವೂ ತಿಳಿಯುತ್ತಿತ್ತು. ಪಕ್ಕದ ಹಾಸಿಗೆಯವರನ್ನು ಬಿಳಿ ಬಟ್ಟೆ ಹೊದಿಸಿ ಒಯ್ದಾಗ, ಅತ್ತ ತಿರುಗದಿರುವ ಸ್ವಾತಂತ್ರ್ಯವೂ ನನಗಿರಲಿಲ್ಲ. ಮುಖ ಅದೇ ಕಡೆಗಿತ್ತು.

ಐಸಿಯುವಿನಲ್ಲಿ ಮೈಮೇಲೆ ಏನೂ ಇರಬಾರದು ಎಂದು ತಾಳಿ, ಬಳೆ ಎಲ್ಲ ತೆಗೆಸಿದರು. ಕೊರಳಲ್ಲಿದ್ದ ಇಷ್ಟಲಿಂಗವನ್ನೂ ಬಿಚ್ಚಬೇಕೆಂದರು. ಹುಟ್ಟಿದಾಗ ಕಟ್ಟಿದ್ದು. ದಿನವೂ ಎಡಗೈಯ ಅಂಗೈ ಮೇಲೆ ಇಟ್ಟುಕೊಂಡು ಪೂಜೆ ಮಾಡದೆ ನಾನು ಬಾಯಿಗೆ ನೀರು ಹಾಕಿದವಳಲ್ಲ. ಮಾತು ಬರುತ್ತಿರಲಿಲ್ಲ, ಕಣ್ಣಲ್ಲಿ ನೀರು ಇಳಿಯಿತು. ಅಲ್ಲಿದ್ದ ಸಿಸ್ಟರ್, ಕೊರಳಲ್ಲಿ ಸಣ್ಣ ಶಿಲುಬೆ ಇದ್ದವಳು, ಯಾರನ್ನೂ ಕೇಳಲಿಲ್ಲ. ಲಿಂಗವನ್ನು ಹತ್ತಿಬಟ್ಟೆಯಲ್ಲಿ ಸುತ್ತಿ ನನ್ನ ಎಡ ಅಂಗೈಯಲ್ಲಿಟ್ಟು, ಬೆರಳು ಮಡಚಿ, ಮೇಲೆ ಬ್ಯಾಂಡೇಜ್ ಸುತ್ತಿದಳು. "ಯಾರಾದ್ರೂ ಕೇಳಿದ್ರೆ ಗಾಯ ಅಂತ ಹೇಳ್ತೀನಿ ಅಮ್ಮ," ಎಂದಳು. ಆರು ದಿನ ಆ ಕೈ ಹಾಗೇ ಇತ್ತು. ಅಂಗೈಗೆ ಸ್ಪರ್ಶವಿರಲಿಲ್ಲ. ಆದರೂ ಅದು ಅಲ್ಲಿದೆ ಎಂದು ಗೊತ್ತಿತ್ತು.

ಐದು ದಿನ ಡ್ರಿಪ್ಪಿನಲ್ಲಿ ಔಷಧ ಇಳಿಸಿದರು. ಶಕ್ತಿ ಕುಂದುವುದು ಉಸಿರಿನ ಬುಡದಲ್ಲೇ ನಿಂತಿತು. ಹೊರಗೆ ಕಾರಿಡಾರಿನಲ್ಲಿ ಅತ್ತೆ ಚಾಪೆ ಹಾಸಿಕೊಂಡು ಕೂತೇ ಇದ್ದರಂತೆ. ಮನೆಗೆ ಹೋಗೆಂದರೆ, "ಗುಡಿಗೆ ನಾನು ಕರ್ಕೊಂಡು ಹೋಗಿದ್ದು, ಮನಿಗೂ ನಾನೇ ಕರ್ಕೊಂಡು ಹೋಗ್ತೀನಿ," ಎನ್ನುತ್ತಿದ್ದರಂತೆ. ನಮ್ಮತ್ತೆ ಬಾಯಿಯಿಂದ ತಪ್ಪಾಯಿತು ಎಂಬ ಮಾತು ಬರುವುದಿಲ್ಲ. ಅದು ಆ ಚಾಪೆಯಲ್ಲಿತ್ತು.

ಮೂರು ವಾರ ಕಳೆದು ಮನೆಗೆ ಬಂದ ಮೇಲೆ ಕಾವ್ಯ ಡಿಸ್ಚಾರ್ಜ್ ಕಾಗದವನ್ನು ಓದಿ ಕನ್ನಡದಲ್ಲಿ ಹೇಳಿದಳು. ರೋಗದ ಹೆಸರು, ಔಷಧಗಳು, ತಿಂಗಳ ಹಿಂದಿನ ಭೇದಿ. ಅದರ ಕೆಳಗೆ: ರೋಗಿಯನ್ನು ಮನೆಯವರು ಧಾರ್ಮಿಕ ಸ್ಥಳಕ್ಕೆ ಒಯ್ದಿದ್ದರಿಂದ ಚಿಕಿತ್ಸೆ ತಡವಾಗಿದೆ.

"ಕ್ಲಿನಿಕ್ಕು?" ಎಂದೆ.

"ಇಲ್ಲಮ್ಮ."

"ಇಂಜೆಕ್ಷನ್ನು?"

"ಅದೂ ಇಲ್ಲ."

ಅತ್ತೆ ಬಾಗಿಲಲ್ಲಿ ನಿಂತಿದ್ದರು. ಒಳಗೆ ಹೋಗಿ ದೇವರ ಮುಂದೆ ಕೂತರು. ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ನನ್ನ ಕಾಲು ಹೋಗಿದ್ದಕ್ಕೆ ನನಗೆ ದುಃಖವಾಗಿತ್ತು. ಆ ಸಾಲು ಕೇಳಿದ ಮೇಲೆ ಬಂದದ್ದು ಸಿಟ್ಟು. ಅದು ಇವತ್ತಿಗೂ ಇಳಿದಿಲ್ಲ. ನಡೆದ ಇಷ್ಟು ಸಂಗತಿಗಳಲ್ಲಿ ತಮಗೆ ಬೇಕಾದ ಒಂದನ್ನು ಆರಿಸಿ, ಎಪ್ಪತ್ತು ವರ್ಷದ ಅತ್ತೆಯ ತಲೆಗೆ ಕಟ್ಟಿದ್ದರು. ನಾವು ಗುಡಿಗೆ ಹೋಗುವ ಜನ, ಹಾಗಾಗಿ ನಮ್ಮ ಮಾತು ಲೆಕ್ಕಕ್ಕಿಲ್ಲ. ಗುಡಿಯಿಂದಲೇ ನಮ್ಮನ್ನು ಆಸ್ಪತ್ರೆಗೆ ಅಟ್ಟಿದರು ಎಂಬುದನ್ನು ಯಾರೂ ಕೇಳಲೂ ಇಲ್ಲ.

ಮೊದಲು ಆ ಆಸ್ಪತ್ರೆಗೇ ಹೋದೆವು. ವೀಲ್‌ಚೇರಿನಲ್ಲಿ ಎರಡು ತಾಸು ಕಾಯಿಸಿ, ಒಮ್ಮೆ ಕೊಟ್ಟ ಕಾಗದವನ್ನು ತಿದ್ದುವುದಿಲ್ಲ ಎಂದರು. ತಮ್ಮ ಮಂಜುನಾಥ ಅದನ್ನು ಕೇಳಿ ಹರಿಹರದಿಂದ ಓಡಿ ಬಂದ. ಮೊಬೈಲ್ ಹಿಡಿದು ನನ್ನ ಮುಂದೆ ಕೂತ.

"ಅಕ್ಕ, ನಡೆಯಾಕೆ ಬರಲ್ಲ ಅಂತ ತೋರ್ಸು, ಹೇಳು. ಗ್ರೂಪಿಗೆ ಹಾಕ್ತೀನಿ. ಇನ್ ಮ್ಯಾಲೆ ಯಾರೂ ಹಾಕಿಸ್ಕೊಬಾರ್ದು."

"ಟೈಲರ್ ಹೆಂಡ್ತಿ ಎದುರು ಮನ್ಯಾಗೇ ಅದಾಳೆ. ಹೋಗಿ ಆಕಿಗೆ ಹೇಳು, ಯಾರೂ ಹಾಕಿಸ್ಕೊಬಾರ್ದು ಅಂತ."

"ಹಂಗಲ್ಲಕ್ಕ..."

"ಹೆಂಗೂ ಅಲ್ಲ. ಅತ್ತೆ ಹಾಕಿಸ್ಕೊಂಡು ಚೆನ್ನಾಗಿದಾರೆ. ನಂಗೆ ಹಿಂಗಾತು. ಎರಡೂ ಖರೆ. ನಿಂಗೆ ಒಂದೇ ಬೇಕು, ಡಾಕ್ಟ್ರಿಗೂ ಒಂದೇ ಬೇಕು. ನಿಮ್ಮಿಬ್ರಿಗೂ ನಾನು ಬ್ಯಾಡ."

ಅವನು ಆರು ತಿಂಗಳು ಮಾತು ಬಿಟ್ಟ. ಬಿಡಲಿ. ಸಾವಿರಾರು ಜನಕ್ಕೆ ಒಳ್ಳೆಯದು ಮಾಡಿದ್ದು ಎಲ್ಲೋ ಒಬ್ಬಳಿಗೆ ಕೆಟ್ಟದ್ದು ಮಾಡಿರಬಹುದು. ಆ ಒಬ್ಬಳನ್ನು ಬರೆದಿಟ್ಟರೆ ತಾನೇ ಮುಂದೆ ಇನ್ನೊಬ್ಬಳ ಪಾದ ಜೋಮು ಹಿಡಿದಾಗ ಡಾಕ್ಟರು ಮೇಜು ಬಿಟ್ಟು ಎದ್ದು ಬರುವುದು? ಬರೆಯದಿದ್ದರೆ ಅವಳಿಗೂ ಟೆನ್ಶನ್ ಎಂದೇ ಹೇಳುತ್ತಾರೆ. ನನಗೆ ಬೇಕಿದ್ದದ್ದು ಒಂದು ಸಾಲು: ಲಸಿಕೆ ಪಡೆದ ಹನ್ನೆರಡನೇ ದಿನಕ್ಕೆ ಶುರುವಾಯಿತು. ಕಾರಣ ಅದೇ ಎಂದು ಬರೆಯಲು ನಾನು ಯಾರನ್ನೂ ಕೇಳಲಿಲ್ಲ.

ಇದಕ್ಕೊಂದು ಫಾರಂ ಇದೆ ಎಂದು ಹೇಳಿದವಳು ರೇಣುಕಾ. ಆಸ್ಪತ್ರೆಯಿಂದ ಬಂದ ಮೊದಲ ವಾರ ಅವಳ ಮುಖಕ್ಕೆ ಬಾಗಿಲು ಹಾಕಿಸಿದ್ದೆ. ಮರುವಾರ ಮತ್ತೆ ಬಂದಳು. "ಅಕ್ಕಾ, ನಾನೇ ಕೈ ಹಿಡ್ಕೊಂಡು ಹೋಗಿದ್ದೆ. ಬೈಯ್ರಿ, ಬೈಸ್ಕೊಂಡೇ ಬರ್ತೀನಿ," ಎಂದು ಹೊರಗೆ ಕಟ್ಟೆಯ ಮೇಲೆ ಕೂತಳು. ಬೈದೆ. ಬೈದು ಮುಗಿದ ಮೇಲೆ ಚಹಾ ಕೊಟ್ಟೆವು. ಲಸಿಕೆಯ ದಿನವನ್ನು ಅವಳು ತನ್ನ ಪುಸ್ತಕದಲ್ಲಿ ಬರೆದಿಟ್ಟಿದ್ದಳು. ಆರೋಗ್ಯ ಕೇಂದ್ರದ ಡಾಕ್ಟರು ಫಾರಂ ತುಂಬಬೇಕು ಎಂದಳು. ಅಲ್ಲಿದ್ದ ಡಾಕ್ಟರಿಗೆ ತುಂಬುವ ಮನಸ್ಸಿರಲಿಲ್ಲ. ಮುಂದಿನ ವಾರ ಬನ್ನಿ ಎನ್ನುತ್ತಿದ್ದರು. ನಾನು ಪ್ರತಿ ವಾರವೂ ಹೋದೆ. ಮೊದಲು ವೀಲ್‌ಚೇರಿನಲ್ಲಿ, ಆಮೇಲೆ ವಾಕರಿನಲ್ಲಿ, ಆಮೇಲೆ ರೇಣುಕಾಳ ಭುಜ ಹಿಡಿದು.

ಒಂದು ದಿನ ಅಲ್ಲಿ ಲಸಿಕೆಯ ಸಾಲಿತ್ತು. ಸಿಬ್ಬಂದಿಯವನೊಬ್ಬ ಬಂದು ಮೆಲ್ಲಗೆ ಹೇಳಿದ, "ಅಮ್ಮಾ, ನೀವು ಆ ಕಡಿ, ಸ್ಟೋರ್ ರೂಮಿನ ಹತ್ರ ಕೂಡ್ರಿ. ಜನ ನೋಡಿದ್ರೆ ಹೆದರ್ತಾರೆ."

"ನಾನು ಹೆದರ್ಸಾಕೆ ಬಂದಿಲ್ಲ, ಬರ್ಸಾಕೆ ಬಂದೀನಿ. ಬರೆದು ಕೊಟ್ಬಿಡ್ರಿ, ಮತ್ತ ಈ ಬಾಗ್ಲಿಗೆ ಬರಂಗಿಲ್ಲ."

ಸಾಲಿನಲ್ಲಿದ್ದ ಒಬ್ಬಳು ಹೆಣ್ಣುಮಗಳು ಏನಾಯಿತೆಂದು ಕೇಳಿದಳು. ಹೇಳಿದೆ. ಹೆದರಿ ಎದ್ದು ಹೋಗುತ್ತಾಳೆ ಎಂದುಕೊಂಡೆ. ಅವಳು ಹೋಗಲಿಲ್ಲ. "ಹಂಗಾದ್ರೆ ಕಾಲು ಜೋಮು ಬಂದ್ರೆ ಸುಮ್ನಿರಬಾರ್ದು ಅನ್ರಿ," ಎಂದು ಸಾಲಿನಲ್ಲೇ ನಿಂತು ಹಾಕಿಸಿಕೊಂಡು ಹೋದಳು. ಅಷ್ಟು ಓದಿದ ಡಾಕ್ಟರಿಗೆ ಅರ್ಥವಾಗದ್ದು ಅವಳಿಗೆ ಅರ್ಥವಾಗಿತ್ತು. ನಿಜ ಹೇಳಿದರೆ ಜನ ಓಡಿ ಹೋಗುವುದಿಲ್ಲ. ಮುಚ್ಚಿಟ್ಟದ್ದು ಗೊತ್ತಾದರೆ ಓಡಿ ಹೋಗುತ್ತಾರೆ.

ಎಂಟು ತಿಂಗಳ ಮೇಲೆ ಆ ಡಾಕ್ಟರಿಗೆ ವರ್ಗವಾಗಿ ಒಬ್ಬ ಹೆಣ್ಣುಮಗಳು ಡಾಕ್ಟರಾಗಿ ಬಂದರು. ನನ್ನನ್ನು ಮೇಜಿನ ಪಕ್ಕದಲ್ಲಿ ಕೂರಿಸಿಕೊಂಡು, ಮೊದಲು ಕಾಲು ಮುಟ್ಟಿ ನೋಡಿದರು. ಆಮೇಲೆ ದಿನ ದಿನದ್ದೂ ಕೇಳಿ ಬರೆದರು. ಲಸಿಕೆ, ಹನ್ನೆರಡನೇ ದಿನ, ಕ್ಲಿನಿಕ್ಕಿನ ಮೂರು ದಿನ, ಉಕ್ಕಡಗಾತ್ರಿ.

"ಅಲ್ಲಿಂದ ಆಸ್ಪತ್ರೆಗೆ ಹೋಗ್ರಿ ಅಂದೋರು ಯಾರು?"

"ಕಸ ಗುಡಿಸೋ ಅಜ್ಜಿ."

ಅವರು ನಕ್ಕರು. ನಕ್ಕು, ಅದನ್ನೂ ಬರೆದರು. ಕೊನೆಗೆ ಫಾರಂ ಜಿಲ್ಲಾ ಕಚೇರಿಗೆ ಕಳಿಸಿ, ಒಂದು ಪ್ರತಿ ನನ್ನ ಕೈಗೆ ಕೊಟ್ಟರು. ಮನೆಗೆ ಬಂದು ಕಾವ್ಯಳಿಂದ ಅತ್ತೆಗೆ ಓದಿ ಹೇಳಿಸಿದೆ. ಅವರು ಅದನ್ನು ಇಸಿದುಕೊಂಡು ವಿಭೂತಿ ತಟ್ಟೆಯ ಕೆಳಗಿಟ್ಟರು. ಇವತ್ತಿಗೂ ಅಲ್ಲೇ ಇದೆ.

ಈಗ ನಾನು ನಡೆಯುತ್ತೇನೆ. ಎಡಗಾಲು ಸ್ವಲ್ಪ ಎಳೆಯುತ್ತದೆ. ಕಣ್ಣು ಮುಚ್ಚಿ ಕಾಲ ಮೇಲೆ ನಿಂತರೆ ಬೀಳುತ್ತೇನೆ. ಪೂಜೆಯಲ್ಲಿ ಅಂಗೈ ನಡುಗುವಾಗ ನಮ್ಮ ಮನೆಯವರು ತಮ್ಮ ಪೂಜೆ ಮುಗಿಸಿ ಬಂದು ನನ್ನ ಕೈ ಕೆಳಗೆ ತಮ್ಮ ಕೈ ಹಿಡಿಯುತ್ತಾರೆ. ನೀರು ಮೂಗಿಗೆ ಬಾರದೆ ಗಂಟಲಿಗೆ ಇಳಿಯುತ್ತದೆ. ರೆಪ್ಪೆ ತಾನಾಗಿ ಮುಚ್ಚುತ್ತದೆ. ಮಲಗುವ ಮುಂಚೆ ಇವನ್ನೆಲ್ಲ ಅಜ್ಜಯ್ಯನಿಗೆ ಒಂದೊಂದಾಗಿ ಹೇಳುತ್ತೇನೆ. ಹಾಗೆ ಹೇಳಿದ ಮಾತ್ರಕ್ಕೆ ಸಿಟ್ಟು ಹೋಗಬೇಕೆಂದು ಯಾರೂ ನನಗೆ ಬುದ್ಧಿ ಹೇಳಬೇಡಿ. ಉಪಕಾರ ಮಾಡಿದವನು ದೇವರು. ಸಿಟ್ಟು ಇರುವುದು ಬೇರೆಯವರ ಮೇಲೆ.

ಇಷ್ಟೆಲ್ಲ ಆದ ಮೇಲೆ ಬಂದ ಫೋನು ಅದು. ಮಾಹಿತಿ ಸಾಲದು. ಹೇಳಿದ್ದನ್ನು ಬರೆದುಕೊಳ್ಳದವರು ಒಬ್ಬರು, ಬರೆದಿಲ್ಲವಲ್ಲ ಎಂದು ಕೇಳುವವರು ಇನ್ನೊಬ್ಬರು.

"ಸರ್, ಆರೋಗ್ಯ ಕೇಂದ್ರದ ಡಾಕ್ಟ್ರು ಬರೆದಿದ್ರಲ್ಲ, ಹನ್ನೆರಡನೇ ದಿನ ಅಂತ. ಅದು ಫೈಲ್‌ನಾಗೆ ಐತಾ?" ಎಂದು ಕೇಳಿದೆ.

ಹಾಳೆ ತಿರುವುವ ಸದ್ದು ಬಂತು. "ಐತಮ್ಮ. ಮೊದಲ್ನೇ ಹಾಳೆನೇ ಅದು."

"ಅಜ್ಜಿದು?"

"ಯಾವ ಅಜ್ಜಿ?... ಹೂಂ, ಐತೆ. ಕಸ ಗುಡಿಸೋ ಅಜ್ಜಿ."

"ಹಂಗಾದ್ರೆ ಮುಚ್ಚಿಕೊಳ್ರಿ ನಿಮ್ ಫೈಲು. ಯಾವತ್ತಾದ್ರೂ ತೆಗೆದೋರು ಮೊದಲ್ನೇ ಹಾಳೆ ಓದ್ಲಿ."

ಅವರು ಏನೋ ಹೇಳುತ್ತಿದ್ದರು. ಸಾಕು ಎಂದು ಕಾವ್ಯಳಿಗೆ ಸನ್ನೆ ಮಾಡಿದೆ. ಕೈ ತೊಳೆದುಕೊಂಡು ಒಳಗೆ ಹೋದೆ. ಬೀರುವಿನಿಂದ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ ತೆಗೆಸಿ, ಪೆನ್ನು ಕೇಳಿದೆ. "ನಾನು ಬರೀಲೇನಮ್ಮ?" ಎಂದಳು ಕಾವ್ಯ. ಬೇಡ ಎಂದೆ. ಧಾರ್ಮಿಕ ಸ್ಥಳ ಎಂಬ ಆ ಸಾಲಿನ ಕೆಳಗೆ ಸ್ವಲ್ಪ ಜಾಗವಿತ್ತು. ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು, ಒಂದೊಂದು ಅಕ್ಷರವನ್ನೂ ಕಣ್ಣಿಟ್ಟು ನೋಡುತ್ತಾ ಬರೆದೆ. ಲಸಿಕೆಯ ಹನ್ನೆರಡನೇ ದಿನ ಶುರುವಾಯಿತು. ಕ್ಲಿನಿಕ್ಕಿನಲ್ಲಿ ಮೂರು ದಿನ ಹೋಯಿತು. ಗುಡಿಯವರು ಆಸ್ಪತ್ರೆಗೆ ಕಳಿಸಿದರು. ಅಕ್ಷರಗಳು ಒಂದನೇ ತರಗತಿಯ ಮಗುವಿನ ಹಾಗೆ ಓರೆಯಾಗಿದ್ದವು. ಕೆಳಗೆ ಸಹಿ ಹಾಕಿದೆ.

ಹಿತ್ತಲಿಗೆ ಬಂದರೆ ನಾನು ಬಿಡಿಸಿಟ್ಟ ರಾಶಿಯ ಮುಂದೆ ಅತ್ತೆ ಕೂತು, ನನಗೆ ಕಾಣದ ಹಾಗೆ ಬೆರಳಾಡಿಸುತ್ತಿದ್ದರು. ನಾನು ಬಿಟ್ಟ ಬೀಜಗಳನ್ನು ಅವರು ಹೀಗೆ ಕದ್ದು ತೆಗೆಯುವುದು ನನಗೆ ಗೊತ್ತಿದೆ.

"ಉಳಿದಾವೇನ್ರಿ ಅತ್ತೆ?"

"ಎಲ್ಲೋ ಒಂದೆರಡು ಅದಾವೆ, ಬಿಡು. ಉಪ್ಪು ಹಾಕಿ ಜಾಡಿಗೆ ತುಂಬು. ಸಾರಿಗೆ ಕಿವುಚುವಾಗ ತೆಗೆದ್ರಾತು."

"ಬ್ಯಾಡ, ಈಗ್ಲೇ ನೋಡಾಣ," ಎಂದು ಮೊರವನ್ನು ಬೆಳಕಿಗೆ ಎಳೆದುಕೊಂಡು ಕೂತೆ. ಬಿಡಿಸಿದ ಹಣ್ಣನ್ನೆಲ್ಲ ಮೊದಲಿನಿಂದ ಮತ್ತೆ ಹರಡಿ ನೋಡಿದೆ. ಹದಿನಾಲ್ಕು ಬೀಜ ಸಿಕ್ಕವು. ಅವನ್ನೂ ತೆಗೆದಿಟ್ಟು, ಆಮೇಲೆ ಉಪ್ಪಿನ ಡಬ್ಬಿ ತೆಗೆದೆ.